ಗುಡಿಸಿಟ್ಟ ಮರಳು

ದೊಡ್ಡಮ್ಮನ ಮೊಣಕೈಗೆ ಯಾವಾಗಲೂ ಒಂದೆರಡು ಮೀನಿನ ಹುರುಪೆ ಅಂಟಿಕೊಂಡೇ ಇರುತ್ತಿತ್ತು. ಮಿಂದು, ಹೊಸ ಸೀರೆ ಉಟ್ಟು ಮದುವೆ ಮನೆಗೆ ಹೊರಟರೂ ಅಷ್ಟೇ. "ಇರ್ಲಿ ಬಿಡೆ, ಬಂಗಾರದ ಬಳೆಯಂತೂ ಇಲ್ಲ, ಇದಾದ್ರೂ ಮಿಂಚ್ಲಿ" ಎನ್ನುತ್ತಿದ್ದಳು. ನನಗೆ ರಕ್ತಸಂಬಂಧಿಯೇನಲ್ಲ, ಪಕ್ಕದ ಮನೆಯವಳು. ಅಮ್ಮ ಹಾಸಿಗೆ ಹಿಡಿದ ವರ್ಷಗಳಲ್ಲಿ ನಾನು ಉಂಡದ್ದೆಲ್ಲ ಅವಳ ಒಲೆಯದು.

ಬಾಡ ಊರಿನ ಕಡೆಯ ನಮ್ಮ ಕೇರಿಯ ಹೆಂಗಸರು ಕಡಲತೀರದ ಮರಳಿನಲ್ಲಿ ತಾರ್ಲಿ ಮೀನು, ಸೆಟ್ಲಿ ಎಂಬ ಸಿಗಡಿ ಒಣಗಿಸಿ ಕುಮಟೆಯ ಸಂತೆಗೆ ಒಯ್ದು ಬದುಕಿದವರು. ಸಂಜೆ ಮೀನು ಬಾಚಿಕೊಂಡ ಮೇಲೆ ದೊಡ್ಡಮ್ಮ ಎಲ್ಲರ ಕೈಯಲ್ಲೂ ತೆಂಗಿನಕಡ್ಡಿಯ ಪೊರಕೆ ಹಿಡಿಸಿ ಅಷ್ಟೂ ಮರಳನ್ನು ಗುಡಿಸುವವಳು. ಎಲ್ಲಾದರೂ ಒಂದು ಬಾಲ ಉಳಿದರೆ ಬೈಗುಳದ ಮಳೆ. "ಇವತ್ತಿನ ಕೊಳಕು ನಾಳಿನ ಮೀನಿಗೆ ತಾಗೂಕಾಗ" ಎನ್ನುವುದು ಅವಳ ಕಾನೂನು.

ಆ ಮರಳಿಗೆ ರಫ್ತಿನ ವಿಶೇಷ ವಲಯ ಬರುತ್ತದೆ ಎಂಬ ಸುದ್ದಿ ಬಂತು. ಒಳಗೆ ತಯಾರಾದ ಮಾಲು ಸೀದಾ ಪರದೇಶಕ್ಕೆ, ಸುಂಕ ಮಾಫಿ ಎಂದು ವಲಯದವರ ಕಡೆಯ ಒಬ್ಬ ಯುವಕ ಬಂದು ವಿವರಿಸಿದ. ದೊಡ್ಡಮ್ಮ ಕೇಳಿದಳು, "ಸಂತೆಲಿ ನನ್ನ ಬುಟ್ಟಿಗೂ ಸುಂಕ ತಕಂತ್ರು. ಅಷ್ಟು ದೊಡ್ಡ ಕಾರ್ಖಾನೆಗೆ ಎಂತಕ್ಕೆ ಇಲ್ಲ ತಮಾ?" ಅವನು ನಕ್ಕು ಫೋನು ನೋಡಿಕೊಂಡ.

ಜಾಗ ನೋಡಲು ಅಧಿಕಾರಿಗಳು ಬರುತ್ತಾರೆಂದಾಗ ಒಣಹಾಕುವುದನ್ನು ನಿಲ್ಲಿಸಿದವಳು ಅವಳೇ. ಚಾಪೆ, ಬುಟ್ಟಿ, ಬಲೆಯ ತುಂಡು ಎಲ್ಲ ಮನೆ ಸೇರಿದವು. "ಮನೆಗೆ ಜನ ಬರೂವಾಗ ಅಂಗಳ ಗುಡ್ಸೂದಿಲ್ವನೆ? ನಾತ ಬಡಿದ್ರೆ ಅವ್ರು ನಮ್ಮ ಮಾತು ಕೇಳೂದು ಹೌದಾ?" ನಮಗೂ ಅದು ಸರಿಯೆನ್ನಿಸಿತು. ಅವರು ಬಂದರು, ಅವಳು ಕೊಟ್ಟ ಎಳನೀರು ಕುಡಿದರು, ಫೋಟೊ ತೆಗೆದುಕೊಂಡು ಹೋದರು.

ಆಮೇಲಿನ ಸಭೆಯಲ್ಲಿ ಅದೇ ಫೋಟೊ ಪರದೆಯ ಮೇಲೆ ಬಂತು. ಉದ್ದಕ್ಕೂ ನುಣ್ಣನೆಯ ಮರಳು, ನರಪಿಳ್ಳೆಯೂ ಇಲ್ಲ. "ಬಳಕೆಯಲ್ಲಿಲ್ಲದ ಖಾಲಿ ಜಾಗ" ಎಂದರು ಸಾಹೇಬರು.

ದೊಡ್ಡಮ್ಮ ಎದ್ದು ನಿಂತಳು. "ಖಾಲಿ ಅಲ್ಲ ಸಾಯ್ಬ್ರೆ, ನಾವು ಗುಡ್ಸಿದ್ದು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ನಗು ನೆನಪಾದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಬೇಲಿ ಬಂತು. ಪ್ರಾಯದ ಹೆಂಗಸರು ಒಳಗಿನ ಶೆಡ್ಡಿನಲ್ಲಿ ಪರದೇಶದವರಿಗೆ ಸೆಟ್ಲಿ ಸುಲಿಯಲು ಗುತ್ತಿಗೆಯ ಮೇಲೆ ಸೇರಿದರು; ಮಂಜುಗಡ್ಡೆಯಲ್ಲಿ ಮರಗಟ್ಟಿದ ಬೆರಳು ಹೊತ್ತು ಮನೆಗೆ ಬರುತ್ತಾರೆ. ದೊಡ್ಡಮ್ಮನ ವಯಸ್ಸಿನವರನ್ನು ಗೇಟಿನಲ್ಲೇ ತಿರುಗಿಸಿ ಕಳಿಸಿದರು. ಅವಳು ಅಂಗಳದಲ್ಲೇ ಮೀನು ಹರವಿದಳು. ತೆಂಗಿನ ನೆರಳಿಗೆ ಅದು ಒಣಗದೆ ಹುಳ ಹಿಡಿಯಿತು. ಕೇರಿಯಲ್ಲಿ ಯಾರೂ ಅವಳನ್ನು ದೂರಲಿಲ್ಲ, ಅವಳೇ ದೂರಿಕೊಂಡಳು. ಉಣ್ಣಲು ಕರೆದರೆ ತಟ್ಟೆಯ ಮುಂದೆ ಕೂತು, "ಗುಡ್ಸಿ ಕೊಟ್ಟದ್ದು ನಾನೇ ಅಲ್ವನೆ" ಎನ್ನುವಳು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಹೋದಳು. ಮೀಯಿಸುವಾಗ ನೋಡಿದೆ, ಮೊಣಕೈಯಲ್ಲಿ ಒಂದು ಹುರುಪೆಯೂ ಇರಲಿಲ್ಲ. ಹೆಣ ಎತ್ತಿದ ಮೇಲೆ ಮನೆ, ಅಂಗಳ ಗುಡಿಸುವ ವಾಡಿಕೆಯಂತೆ ಅವಳ ಸೊಸೆ ಪೊರಕೆ ಹಿಡಿದು ಹೊರಗೆ ಬಂದಳು. ಅಂಗಳದ ಮೂಲೆಯಲ್ಲಿ ಹರಿದ ಚಾಪೆಯಿತ್ತು, ಅದರ ಮೇಲೆ ದೊಡ್ಡಮ್ಮ ಕೊನೆಗೆ ಹರವಿದ ಹಿಡಿಯಷ್ಟು ತಾರ್ಲಿ. ನಾನು ಸೊಸೆಯ ಕೈ ಹಿಡಿದುಕೊಂಡೆ.

"ಬೇಡ ಬಿಡೆ. ಅದೊಂದು ಮೂಲೆ ಹಾಗೇ ಇರ್ಲಿ."