ಮಣ್ಣುಮುಕ್ಕನ ಬಣ್ಣ ಹೋದ ವರ್ಷ

ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತ ವರ್ಷ ನಾನೊಂದು ಹಾವು ಸಾಕಿದೆ. ಹೀಗೆಂದರೆ ಈಗಲೂ ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನೋಡಲಿ. ಎಪ್ಪತ್ತರ ದಶಕದ ಕೊನೆಯ ಮಾತು ಅದು. ಬರಗೂರಿನ ಕಡೆ ನಮ್ಮ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದಾಗ ಸಡಿಲ ಮಣ್ಣಿನಿಂದ ಗೇಣುದ್ದದ ಮರಿಯೊಂದು ಎದ್ದುಬಂತು. ಮೈಯೆಲ್ಲ ಹೊಸ ಹೆಂಚಿನ ಕೆಂಪು, ಬಾಲಕ್ಕೆ ಕಪ್ಪು ಬಳೆ ತೊಡಿಸಿದ ಹಾಗೆ ಪಟ್ಟೆಗಳು. ಮಣ್ಣುಮುಕ್ಕನ ಮರಿ. ತಲೆ ಯಾವುದು ಬಾಲ ಯಾವುದು ಗೊತ್ತಾಗದ, ವಿಷವಿಲ್ಲದ ಬಡಪಾಯಿ ಹಾವು.

ಆದರೆ ನಮ್ಮೂರಲ್ಲಿ ನಾಗರಹಾವಿಗಿಂತ ಅದಕ್ಕೇ ಹೆಚ್ಚು ಹೆದರುತ್ತಿದ್ದರು. ನಾಗರ ಕಚ್ಚಿದರೆ ಒಂದೇ ಸಲಕ್ಕೆ ಮುಗಿಯಿತು, ಮಣ್ಣುಮುಕ್ಕ ನೆಕ್ಕಿದರೆ ಮೈಗೆ ತೊನ್ನು ಹತ್ತುತ್ತದೆ ಎಂಬ ನಂಬಿಕೆ. ತೊನ್ನು ಹತ್ತಿದ ಹೆಣ್ಣನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ? ನನಗೆ ಇದೆಲ್ಲ ತಿಳಿದೇ ಇತ್ತು. ತಿಳಿದೂ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಅಷ್ಟು ಚಂದವಾದದ್ದು ನನ್ನದು ಅಂತ ಬೇರೇನೂ ಇರಲಿಲ್ಲ.

ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಬಾಯಿ ಒಡೆದ ಸಣ್ಣ ಗುಡಾಣಕ್ಕೆ ಮರಳು ತುಂಬಿ ಅದರಲ್ಲಿ ಬಿಟ್ಟೆ. ಗುಟ್ಟು ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ, ನನ್ನ ಸೋದರಮಾವನಿಗೆ. ಅಮ್ಮನ ಒಬ್ಬನೇ ತಮ್ಮ, ನಮ್ಮ ಮನೆಯಲ್ಲೇ ಬೆಳೆದವನು. ಅಕ್ಕನ ಮಗಳು ತಮ್ಮನಿಗೇ ಎನ್ನುವುದು ನಮ್ಮಲ್ಲಿ ಕೇಳಬೇಕಾದ ಮಾತೇ ಅಲ್ಲ. ಬೇಡ ಎಂದವನು ಅಕ್ಕನ ಮುಖಕ್ಕೆ ಹೊಡೆದ ಹಾಗೆ. ನನಗೂ ಅವನೆಂದರೆ ಇಷ್ಟ, ಸುಳ್ಳು ಯಾಕೆ ಹೇಳಲಿ. ಕಣಜದ ಸಂದಿಯಿಂದ ಇಲಿಮರಿ ಹಿಡಿದು ತಂದು, "ತಗಾ, ನಿನ್ನ ಮಗೀಗೆ ಊಟ," ಎಂದು ನಗುತ್ತಿದ್ದ. ಅಂಥವನನ್ನು ಕಟ್ಟಿಕೊಂಡರೆ ಬದುಕು ಹಗುರ ಎಂದುಕೊಂಡಿದ್ದೆ.

ಹಾವು ಬೆಳೆಯಿತು. ಪೊರೆ ಬಿಟ್ಟಾಗಲೆಲ್ಲ ಬಣ್ಣ ಒಂದಿಷ್ಟು ಮಾಸುತ್ತಿತ್ತು. ಬಾಲದ ಬಳೆಗಳು ಕದಡಿ, ಅಂಚು ಕಳೆದು, ಕೊನೆಗೆ ಹುಡುಕಿದರೂ ಕಾಣದಾದವು. ಹೆಂಚಿನ ಕೆಂಪು ಹೋಗಿ ಮೈ ಹೊಲದ ಮಣ್ಣಿನ ಬಣ್ಣಕ್ಕೆ ಬಂತು. ನನಗೆ ಮೋಸವಾಯಿತು ಅನ್ನಿಸಿತು. ಆ ಬಣ್ಣಕ್ಕಾಗಿ ಊರಿಗೆ ಊರನ್ನೇ ವಂಚಿಸಿ ಸಾಕಿದ್ದೆನಲ್ಲ! ಮಾವನ ಮುಂದೆ ಅತ್ತುಬಿಟ್ಟೆ.

"ಹೋದ್ರೆ ಹೋಗ್ಲಿ ಬುಡು. ಬೆಳೆದ ಮೇಲೆ ಯಾರ ಬಣ್ಣ ಉಳೀತದೆ?" ಎಂದ.

ಅಷ್ಟು ಹೊತ್ತಿಗೆ ಅವನು ಕೊರಟಗೆರೆಯಲ್ಲಿ ಖಾಸಗಿ ಬಸ್ಸಿನ ಏಜೆಂಟಾಗಿದ್ದ. ಇಸ್ತ್ರಿ ಮಾಡಿದ ಅಂಗಿ, ಮಾತಿಗೊಂದು 'ರೈಟ್'. ಬಸ್ಸಿನ ಮಾಲೀಕರಿಗೆ ಒಬ್ಬಳು ಮಗಳಿದ್ದಳು. ಅದು ನಮಗೆ ತಿಳಿದದ್ದು ಆಮೇಲೆ.

ಮದುವೆ ಮಾತು ಗಟ್ಟಿ ಮಾಡಲು ಮನೆಯಲ್ಲಿ ಹಿರಿಯರು ಸೇರಿದ ದಿನ, ಮಾವ ಎದ್ದು ಹಿತ್ತಲಿಗೆ ಹೋದ. ಎಲೆ ಅಡಿಕೆ ಉಗಿಯಲು ಹೋದ ಎಂದುಕೊಂಡರು ಎಲ್ಲರೂ. ಬಂದಾಗ ಕೈಯಲ್ಲಿ ನನ್ನ ಗುಡಾಣವಿತ್ತು. ಅಂಗಳದಲ್ಲಿ ಬೋರಲು ಹಾಕಿದ. ಹಾವು ಮರಳಿನ ಜೊತೆ ಬಿದ್ದು, ಸುರುಳಿ ಸುತ್ತಿ, ತಲೆ ಅಡಗಿಸಿತು.

"ನೋಡ್ರಪ್ಪ, ಇದ್ನ ಸಾಕವ್ಳೆ. ತಂದಾಗ ಕೆಂಪಗಿತ್ತು, ಪಟ್ಟೆ ಇತ್ತು. ಈಗ ನೋಡಿ, ಬಣ್ಣ ಕಳಕೊಂಡೈತೆ. ಅದರ ರೋಗ ಇವಳಿಗೆ ಹತ್ತೈತೆ. ಕೈ ತೋರ್ಸು ಅನ್ನಿ."

ನನ್ನ ಬಲ ಮಣಿಕಟ್ಟಿನಲ್ಲಿ ಬೆಳ್ಳಗೊಂದು ಮಚ್ಚೆ ಇತ್ತು. ಸುಟ್ಟ ಕಲೆ ಅದು. ಹಿಂದಿನ ಬೇಸಿಗೆಯಲ್ಲಿ ಅಮ್ಮ ಮುದ್ದೆ ತಿರುವುವಾಗ ನಾನು ಕವೆಗೋಲಿನಿಂದ ಮಡಕೆ ಒತ್ತಿ ಹಿಡಿದಿದ್ದೆ. ಕುದಿಯುವ ಹಿಟ್ಟು ಸಿಡಿದು ಮಣಿಕಟ್ಟಿಗೆ ಅಂಟಿತು. ಕಿತ್ತರೆ ಚರ್ಮವೂ ಬಂತು. ಊಟಕ್ಕೆ ಕೂತಿದ್ದ ಮಾವನೇ ಎದ್ದು ಓಡಿಬಂದು ಹರಳೆಣ್ಣೆ ಹಚ್ಚಿದ್ದ, ಊದಿದ್ದ. ಈಗ ಅದೇ ಕೈಯನ್ನು ದೂರದಿಂದ ತೋರಿಸುತ್ತಿದ್ದಾನೆ!

"ಸುಳ್ಳು! ಅದು ಸುಟ್ಟಿದ್ದು. ಅಮ್ಮನ್ನೇ ಕೇಳಿ," ಎಂದು ಕೂಗಿದೆ.

ಅಪ್ಪ ಅಮ್ಮನ ಕಡೆ ತಿರುಗಿದರು. "ಏನೇ, ಹೌದೇನೇ?"

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನ್ನ ಕೈ ನೋಡಿದಳು. ತಮ್ಮನ ಮುಖ ನೋಡಿದಳು. ಆಮೇಲೆ ನೆಲ ನೋಡುತ್ತಾ, "ನಂಗೆ ಗ್ಯಾಪಕ ಇಲ್ಲ," ಎಂದಳು.

ಅಲ್ಲಿಗೆ ಮುಗಿಯಿತು. ರೋಗದ ಹುಡುಗಿಯನ್ನು ಕಟ್ಟಿಕೋ ಎಂದು ಯಾವ ಹಿರಿಯರು ಹೇಳುತ್ತಾರೆ? ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತಾರಲ್ಲ, ನಮ್ಮ ಮಾವ ಹಾವನ್ನೂ ಸಾಯಿಸಿದ, ಕೋಲನ್ನೂ ಉಳಿಸಿಕೊಂಡ. ಎಲ್ಲರೆದುರೇ ಹೊಡೆದ. ಹೆದರಿದಾಗ ಬಾಲ ಎತ್ತಿ ತಲೆಯಂತೆ ತೋರಿಸುವುದು ಆ ಹಾವಿನ ಅಭ್ಯಾಸ. ತನಗೆ ಇಲಿಮರಿ ಕೊಟ್ಟವನಿಗೆ ಅದು ಬಾಲ ಎತ್ತಿ ತೋರಿಸಿತು. ಅವನು ಅಲ್ಲಿಂದಲೇ ಶುರುಮಾಡಿದ. ಮೂರು ತಿಂಗಳೊಳಗೆ ಮಾಲೀಕರ ಅಳಿಯನಾದ. ನಾನು ಊರ ಬಾವಿಗೆ ನೀರಿಗೆ ಹೋದರೆ ಹೆಂಗಸರು ಹಗ್ಗ ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಮಚ್ಚೆ ಬೆಳೆಯಲಿಲ್ಲ ಎಂಬುದನ್ನು ಅವರು ಗಮನಿಸಲು ಬಹಳ ಕಾಲ ಬೇಕಾಯಿತು.

ಎಂಬತ್ತರ ದಶಕ ಶುರುವಾದ ಮೇಲೆ ಮಧುಗಿರಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ತಾಯಿ ನನ್ನ ಕೈ ಹಿಡಿದು ಬಳೆ ಸರಿಸಿ, "ಇದೇನಮ್ಮ?" ಎಂದರು.

ಅಮ್ಮ ಕಾಫಿ ಲೋಟ ಇಡುತ್ತಾ ಥಟ್ಟನೆ ಹೇಳಿದಳು: "ಅಯ್ಯೋ, ಸುಟ್ಟ ಕಲೆ ಕಣಮ್ಮ ಅದು. ಮುದ್ದೆ ತಿರುವ್ತಿದ್ದೆ, ಹಿಟ್ಟು ಸಿಡೀತು. ನನ್ನ ಕಣ್ಮುಂದೇನೆ ಆಗಿದ್ದು."

ಒಂದು ಸಲವೂ ತಡವರಿಸಲಿಲ್ಲ. ಅಷ್ಟು ಕಾಲ ಆ ಮಾತು ಅವಳ ಬಾಯಲ್ಲೇ ಇತ್ತು.

ಅವರು ಹೋದ ಮೇಲೆ ಕೇಳಿದೆ: "ಆವತ್ತು ಯಾಕಮ್ಮ ಗ್ಯಾಪಕ ಬರ್ಲಿಲ್ಲ?"

"ಅವನಿಗೆ ಮನಸಿರ್ಲಿಲ್ಲ ಕಣೆ. ಹತ್ತು ಜನದ ಮುಂದೆ ಒಡಹುಟ್ಟಿದವನ್ನ ಸುಳ್ಳ ಅಂತ ಹೆಂಗೆ ಅನ್ಲಿ? ನಿಂಗೆ ಹೆಂಗೋ ಒಂದು ಗಂಡು ಸಿಕ್ತದೆ ಅಂತ ಗೊತ್ತಿತ್ತು," ಎಂದು ಲೋಟ ಎತ್ತಿಕೊಂಡು ಒಳಗೆ ಹೋದಳು.

ಮಾವನ ಮೇಲೆ ವರ್ಷಗಟ್ಟಲೆ ಇಟ್ಟುಕೊಂಡಿದ್ದ ಸಿಟ್ಟು ಆಗಲೇ ಇಳಿದುಹೋಯಿತು. ಅವನಿಗಾದರೆ ಒಂದು ಲಾಭವಿತ್ತು, ಅಮ್ಮನಿಗೆ ಏನಿತ್ತು? ಮದುವೆಯಾಗಿ ಹೊರಡುವಾಗ ಅಮ್ಮ ನನ್ನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ನನಗೆ ಒಂದು ಹನಿ ಬರಲಿಲ್ಲ. "ಎಂಥಾ ಕಲ್ಲು ಮನಸಿನ ಹುಡುಗಿಯಪ್ಪ, ಹೆತ್ತೋಳು ಅಂಗೆ ಅಳ್ತಾ ಅವ್ಳೆ," ಎಂದರು ನೆಂಟರ ಹೆಂಗಸರು, ನನಗೆ ಕೇಳುವಷ್ಟು ಜೋರಾಗಿ. ಅಮ್ಮನಿಗೂ ಕೇಳಿಸಿತು. ಆಗಲೂ ಅವಳು ಆವತ್ತಿನ ಹಾಗೆ ನೆಲ ನೋಡಿದಳು.