ಪ್ರಶಸ್ತಿ ಬಂದ ಜಾವ

ಅಕ್ಕನಿಗೆ ಇದ್ದದ್ದು ಒಂದೇ ಆಸೆ. ಒಂದೇ ಒಂದು ಹಾಡಿನಲ್ಲಾದರೂ ತನ್ನ ದನಿ ಉಳಿಯಬೇಕು, ಸಿಡಿಯ ಹಿಂದೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಾದರೂ ತನ್ನ ಹೆಸರು ಇರಬೇಕು. ಇದನ್ನು ಅವಳು ಯಾರಿಗೂ ಬಾಯಿಬಿಟ್ಟು ಹೇಳಿದವಳಲ್ಲ. ಒಂದೇ ಚಾಪೆಯ ಮೇಲೆ ಮಲಗುವ ತಂಗಿಗೆ ಇಂಥದ್ದನ್ನು ಹೇಳಬೇಕಾಗಿಯೂ ಇರಲಿಲ್ಲ. ಕೋಪ ಇಳಿದ ಮೇಲೆ ಇದನ್ನೆಲ್ಲ ಬರೆಯೋಣ ಅಂತ ವರ್ಷಗಟ್ಟಲೆ ಕಾದೆ. ಇಳಿಯಲಿಲ್ಲ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಅಂತ ಕೂತಿದ್ದೇನೆ.

ಗೌರಿಬಿದನೂರಿನ ನಮ್ಮ ಬೀದಿಯ ಮಟ್ಟಿಗೆ ಅಕ್ಕ ಆಗಲೇ ಗಾಯಕಿ. ಬುದ್ಧ ಪೂರ್ಣಿಮೆಗೆ, ಸಂಘದ ಸಭೆಗಳಿಗೆ, ಮದುವೆಮನೆಯ ಆರ್ಕೆಸ್ಟ್ರಾಗಳಿಗೆ ಅವಳೇ ಬೇಕು. ಮೊಬೈಲಿಗೆ ಕಾಲರ್ ಟ್ಯೂನ್ ಹಾಕಿಸಿಕೊಳ್ಳುವುದೇ ದೊಡ್ಡಸ್ತಿಕೆ ಆಗಿದ್ದ ಕಾಲ ಅದು. ಚಿಕ್ಕಬಳ್ಳಾಪುರದ ಒಂದು ಮದುವೆಯಲ್ಲಿ ಕೀಬೋರ್ಡ್ ನುಡಿಸಲು ಬೆಂಗಳೂರಿನಿಂದ ಒಬ್ಬ ಬಂದಿದ್ದ. ಸಿನಿಮಾ ಸಂಗೀತ ನಿರ್ದೇಶಕರೊಬ್ಬರ ಕೈಕೆಳಗೆ ಕೆಲಸ ಮಾಡುವವನಂತೆ. ಅಕ್ಕನ ಹಾಡು ಕೇಳಿದವನು, "ಸ್ಟುಡಿಯೋಗೆ ಬಾಮ್ಮ, ಒಂದು ಟ್ರ್ಯಾಕ್ ಹಾಡಿಸ್ತೀನಿ" ಅಂದ.

ಟ್ರ್ಯಾಕ್ ಅಂದರೆ ಇಷ್ಟೇ. ದೊಡ್ಡ ಗಾಯಕಿಗೆ ಪುರುಸೊತ್ತಿರುವುದಿಲ್ಲ, ನಮ್ಮ ಭಾಷೆಯೂ ಬರುವುದಿಲ್ಲ. ಅದಕ್ಕೆ ಹಾಡನ್ನು ಮೊದಲು ಇನ್ಯಾರಿಂದಲೋ ಪೂರ್ತಿ ಹಾಡಿಸಿ ಇಟ್ಟಿರುತ್ತಾರೆ. ಅವರು ಬಂದು ಅದನ್ನು ಕಿವಿಗೆ ಹಾಕಿಕೊಂಡು, ಕೇಳಿದ್ದನ್ನು ಕೇಳಿದ ಹಾಗೆ ಹಾಡಿ ಹೋಗುತ್ತಾರೆ. ಆಮೇಲೆ ಮೊದಲನೆಯ ದನಿಯನ್ನು ಅಳಿಸುತ್ತಾರೆ. ಎಲ್ಲೋ ಅಪರೂಪಕ್ಕೆ ಟ್ರ್ಯಾಕ್ ಹಾಡಿದವರ ದನಿಯೇ ಹಿಡಿಸಿ, ಅದನ್ನೇ ಉಳಿಸಿಕೊಳ್ಳುವುದುಂಟು. ಆ ಅಪರೂಪವನ್ನು ನಂಬಿಕೊಂಡು ಅಕ್ಕ ಅಪ್ಪನ ಜೊತೆ ಬೆಂಗಳೂರಿನ ಬಸ್ಸು ಹತ್ತಿದಳು.

ಉಳಿಯಲಿಲ್ಲ. ಹಿಂದಿಯಲ್ಲಿ ಭಾರೀ ಹೆಸರಿದ್ದ ಗಾಯಕಿಯೊಬ್ಬರು ಬಂದು ಹಾಡಿದರು. ಯಾಕೆ ಅಂತ ಅಪ್ಪ ಫೋನು ಮಾಡಿ ಕೇಳಿದ್ದಕ್ಕೆ ಆ ಕೀಬೋರ್ಡಿನವನು, "ವಾಯ್ಸ್ ಸೂಪರ್ ಸಾರ್. ಆದ್ರೆ ಉಚ್ಚಾರಣೇಲಿ ಸ್ವಲ್ಪ ಆಂಧ್ರ ಬಾರ್ಡರ್ ಹೊಡಿಯುತ್ತೆ ಅಂದ್ರು" ಅಂದನಂತೆ. ಯಾವ ಅಕ್ಷರ ಅಂತ ಹೇಳಲಿಲ್ಲ. ಅಪ್ಪ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಮಗಳ ಕನ್ನಡದಲ್ಲಿ ತಪ್ಪು ಅಂದರೆ ಅವರ ಮೂಗು ಕೊಯ್ದ ಹಾಗೆ. ಅವತ್ತಿನಿಂದ ದಿನಾ ಸಂಜೆ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಹಕಾರ ತಿದ್ದಿಸಿದರು, ಳಕಾರ ತಿದ್ದಿಸಿದರು, ಮಹಾಪ್ರಾಣ ತಿದ್ದಿಸಿದರು. ಪಾಪ, ಅಕ್ಕ ಸರಿಯಾಗಿದ್ದ ಅಕ್ಷರಗಳನ್ನೆಲ್ಲ ಮತ್ತೆ ಮತ್ತೆ ಸರಿ ಮಾಡಿಕೊಂಡಳು.

ಹಾಡು ಊರೆಲ್ಲ ಹಬ್ಬಿತು. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಲಾರಿಯವರು ಹಾಕುತ್ತಿದ್ದರು, ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವವರ ರೇಡಿಯೋದಲ್ಲಿ ಬರುತ್ತಿತ್ತು. ಪಲ್ಲವಿಯಲ್ಲಿ ಜಾವ ಎಂಬ ಪದ ಬರುತ್ತದೆ. ರಾತ್ರಿಯ ಜಾವ ಕಳೆಯಿತು, ನೀನು ಬರಲಿಲ್ಲ ಎಂಬರ್ಥದ ಹಾಡು. ಪತ್ರಿಕೆಯಲ್ಲಿ ಯಾರೋ ಬರೆದಿದ್ದರು, ಆ ಪದವನ್ನು ಗಾಯಕಿ ಹೇಳುವ ರೀತಿಯಲ್ಲೇ ಒಂದು ಹೊಸ ಮಾಧುರ್ಯ ಇದೆ ಅಂತ. ಅಕ್ಕ ಮಾತ್ರ ಆ ಹಾಡು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಅವಳು ಅದನ್ನು ಒಂದು ಸಲವೂ ಪೂರ್ತಿ ಕೇಳಿರಲಿಲ್ಲ.

ಹಾಗಿರುವಾಗ ಕೀಬೋರ್ಡಿನವನ ಫೋನು ಬಂತು. ಇಡೀ ದೇಶದ ಸಂಗೀತ ಪ್ರಶಸ್ತಿಗಳ ಸಮಾರಂಭ ಭಾನುವಾರ ಸಂಜೆ ಟೀವಿಯಲ್ಲಿ ಬರುತ್ತದೆ, ನಮ್ಮ ಹಾಡೂ ಅದರಲ್ಲಿದೆ. "ಮೇಡಂ ಒಳ್ಳೇ ಮನಸ್ಸಿನೋರು ಕಣಮ್ಮ. ಸ್ಟೇಜ್ ಮೇಲೆ ನಿನ್ನ ನೆನೆಸಿಕೊಂಡ್ರೂ ನೆನೆಸಿಕೊಂಡಾರು" ಅಂದ. ಅವನಿಗೇನು, ಹೇಳಿ ಫೋನು ಇಟ್ಟ. ಅಕ್ಕ ಅವತ್ತು ತಲೆಗೆ ಎರೆದುಕೊಂಡು ಹಬ್ಬದ ಚೂಡಿದಾರ್ ಹಾಕಿಕೊಂಡಳು. ಟೀವಿ ನೋಡಲು!

ಬೀದಿಯ ಅರ್ಧ ಜನ ನಮ್ಮ ಹಾಲಿನಲ್ಲಿದ್ದರು. ಕರೆಂಟು ತೆಗೆಯದಿದ್ದರೆ ಸಾಕು ಅಂತ ಅಮ್ಮ ಗೋಡೆಯ ಬುದ್ಧನ ಚಿತ್ರದ ಕಡೆ ನೋಡುತ್ತಿದ್ದಳು, ಅದು ಅವನ ಖಾತೆಯಲ್ಲ ಅಂತ ಗೊತ್ತಿದ್ದೂ. ಹಿಂದಿ ಹಾಡುಗಳಿಗೆ ಒಂದಾದ ಮೇಲೊಂದು ಪ್ರಶಸ್ತಿ ಕೊಟ್ಟರು. ಹಾಡಿದವರಿಗೆ, ಬರೆದವರಿಗೆ, ಕುಣಿಸಿದವರಿಗೆ, ಕೊನೆಗೆ ಸಿಡಿಯ ಮೇಲಿನ ಚಿತ್ರ ತೆಗೆದವರಿಗೂ ಕೊಟ್ಟರು. ಗೆದ್ದವರೆಲ್ಲ ಅತ್ತರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅದಾದ ಮೇಲೆ ಮಿಕ್ಕ ಭಾಷೆಗಳನ್ನೆಲ್ಲ ಒಂದೇ ಗಂಟು ಕಟ್ಟಿ ಅವಸರವಸರವಾಗಿ ಮುಗಿಸಿದರು. ಆ ಗಂಟಿನಲ್ಲೇ ನಮ್ಮ ಹಾಡು. ಗೆದ್ದಿತು.

ನಮ್ಮ ಹಾಲು ಹೋ ಅಂದಿತು. ಗಾಯಕಿ ಸೆರಗು ಸರಿ ಮಾಡಿಕೊಳ್ಳುತ್ತ ವೇದಿಕೆ ಹತ್ತಿದರು. ದೇವರಿಗೆ, ಅಮ್ಮನಿಗೆ, ಕಂಪನಿಯವರಿಗೆ, ನಿರ್ದೇಶಕರಿಗೆ ಥ್ಯಾಂಕ್ಸ್ ಹೇಳಿದರು. ಗೊತ್ತಿಲ್ಲದ ಭಾಷೆಯನ್ನು ಇಷ್ಟು ಮುದ್ದಾಗಿ ಹೇಗೆ ಹಾಡಿದಿರಿ ಅಂತ ನಿರೂಪಕ ಕೇಳಿದ. ಅಕ್ಕ ನನ್ನ ಕೈ ಹಿಡಿದುಕೊಂಡಳು. ಗಾಯಕಿ ನಕ್ಕು, ಸಂಗೀತಕ್ಕೆ ಭಾಷೆ ಇಲ್ಲ, ಪದಗಳು ತಾವಾಗಿಯೇ ಬಂದವು ಅಂತ ಹಿಂದಿಯಲ್ಲಿ ಹೇಳಿ, ಮ್ಯೂಸಿಕ್ ಇಲ್ಲದೆ ಪಲ್ಲವಿ ಹಾಡಿದರು.

ಮೂಲೆಯಲ್ಲಿ ಅಜ್ಜಿ ಕೂತಿದ್ದಳು, ಅಮ್ಮನ ಅಮ್ಮ. ನಗರಗೆರೆ ಕಡೆಯ ಹೆಂಗಸು, ತೆಲುಗು ಬಿಟ್ಟರೆ ಇನ್ನೊಂದು ಬಾರದು. ಅಷ್ಟು ಹೊತ್ತೂ ತೂಕಡಿಸುತ್ತಿದ್ದವಳು ತಟ್ಟನೆ ತಲೆಯೆತ್ತಿ, "ಏಮೇ, ಆ ಪಿಲ್ಲ ಜಾವ ಅಡುಗ್ತಾಂದಾ?" ಅಂದಳು. ಆ ಹುಡುಗಿ ಜಾವ ಕೇಳ್ತಿದ್ದಾಳಾ ಅಂತ. ತೆಲುಗಿನಲ್ಲಿ ಜಾವ ಅಂದರೆ ರಾಗಿ ಗಂಜಿ. ನಮ್ಮ ಮನೆಯಲ್ಲಿ ದಿನಾ ಬೆಳಗ್ಗೆ ಮಜ್ಜಿಗೆ ಬೆರೆಸಿ ಕುಡಿಯುವುದು ಅದೇ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಕ್ಕ ನಗಲಿಲ್ಲ. ಗಂಜಿಯ ಜಾವದ ಜ ಕನ್ನಡದ ಜ ಅಲ್ಲ. ನಾಲಗೆ ಅಂಗುಳದವರೆಗೆ ಹೋಗದೆ ಹಲ್ಲಿನ ಹಿಂದೆಯೇ ಉಜ್ಜಿಕೊಂಡು ಹೊರಡುವ ಜ ಅದು, ಇಂಗ್ಲಿಷಿನಲ್ಲಿ ಜೀಬ್ರಾ ಅನ್ನುವಾಗಿನ ಮೊದಲ ಅಕ್ಷರಕ್ಕೆ ಹತ್ತಿರದ್ದು. ಅಮ್ಮ, ಅಪ್ಪ, ಅಕ್ಕ, ನಾನು ಎಲ್ಲರೂ ಎರಡು ಜಾವಕ್ಕೂ ಅದೊಂದೇ ಜ ಹಾಕುತ್ತಿದ್ದೆವು. ಹಿಂದಿಯ ಗಾಯಕಿಗೆ ಆ ಸದ್ದು ಹೊಸದಲ್ಲ. ಟ್ರ್ಯಾಕಿನಲ್ಲಿ ಏನು ಕೇಳಿತೋ ಅದನ್ನೇ ಅಚ್ಚುಕಟ್ಟಾಗಿ ಒಪ್ಪಿಸಿದ್ದರು.

"ನಂದು" ಅಂದಳು ಅಕ್ಕ. "ಅದು ನನ್ನ ಜ ಕಣೇ."

ಯಾವ ಅಕ್ಷರಕ್ಕಾಗಿ ಅವಳನ್ನು ಅಳಿಸಿದ್ದರೋ ಆ ಅಕ್ಷರಕ್ಕೇ ಪ್ರಶಸ್ತಿ ಬಂದಿತ್ತು. ಅಪ್ಪನಿಗೆ ಹೇಳಿದೆವು. ಅವರು ಹೇಳಿ ನೋಡಿದರು, ಗಂಜಿಯ ಜಾವ, ರಾತ್ರಿಯ ಜಾವ. ಎರಡೂ ಒಂದೇ ಥರ ಬಂದವು. ಜೀವಮಾನವೆಲ್ಲ ಕನ್ನಡ ಕಲಿಸಿದ ಮನುಷ್ಯ ಮುಖ ಸಣ್ಣಗೆ ಮಾಡಿಕೊಂಡು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಅದೇ ವರ್ಷ ಚಿಂತಾಮಣಿಯ ಕಲ್ಯಾಣ ಮಂಟಪವೊಂದರಲ್ಲಿ ಹಾಡಿನ ಸ್ಪರ್ಧೆ ನಡೆಯಿತು. ಗೆದ್ದವರನ್ನು ಬೆಂಗಳೂರಿಗೆ ಕರೆಸಿ ಸಿಡಿಯಲ್ಲಿ ಹಾಡಿಸುತ್ತಾರೆ ಅಂತ ಪ್ರಚಾರ. ಅಕ್ಕ ಆ ಹಾಡನ್ನೇ ಆರಿಸಿಕೊಂಡಳು. ಅಷ್ಟರಲ್ಲಿ ಅವಳಿಗೆ ಕನ್ನಡದ ಜ ನೆಟ್ಟಗೆ ಬರುತ್ತಿತ್ತು. ಬಸ್ಸಿನಲ್ಲಿ ಕೇಳಿದೆ, ಯಾವ ಜಾವ ಹಾಡ್ತೀಯಕ್ಕ ಅಂತ. "ಟ್ರ್ಯಾಕಲ್ಲಿ ಹೆಂಗ್ ಹಾಡಿದ್ನೋ ಹಂಗೇ ಹಾಡ್ತೀನಿ. ಆ ಹಾಡಲ್ಲಿ ನಂದು ಅಂತ ಉಳಿದಿರೋದು ಅದೊಂದೇ" ಅಂದಳು. ಅಪ್ಪ ಕಿಟಕಿಯ ಕಡೆ ನೋಡುತ್ತ ಕೂತಿದ್ದರು.

ಹಾಡಿದಳು. ಅವಳು ಅಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ತೀರ್ಪುಗಾರರು ಸುಗಮ ಸಂಗೀತ ಕಲಿಸುವ ಹಿರಿಯರೊಬ್ಬರು, ಕೆಟ್ಟವರೇನಲ್ಲ. ಅದೇ ನನಗೆ ಇವತ್ತಿಗೂ ಉರಿಯುವುದು, ಬೈಯೋಣ ಅಂದರೆ ಕೆಟ್ಟವರೇ ಇಲ್ಲ.

"ಕಂಠ ಬಹಳ ಚೆನ್ನಾಗಿದೆಯಮ್ಮ" ಅಂದರು ಅವರು ಮೈಕಿನಲ್ಲಿ. "ಆದ್ರೆ ಪ್ರಶಸ್ತಿ ಬಂತು ಅಂತ ಆ ಗಾಯಕೀನ ಹಂಗಂಗೇ ಕಾಪಿ ಹೊಡೀಬಾರ್ದು. ಅವರು ಹೊರಗಿನೋರು, ಅವರ ಬಾಯಲ್ಲಿ ಆ ಜ ಕೇಳೋಕೆ ಚೆಂದ. ನೀನು ಕನ್ನಡದ ಮಗು, ನಿಂಗ್ಯಾಕಮ್ಮ ಅದು? ಎಲ್ಲಿ, ಆ ಒಂದು ಸಾಲು ನಿನ್ನ ಥರ ಹಾಡು ನೋಡಣ."

ಅಕ್ಕ ಮೈಕ್ ಹಿಡಿದುಕೊಂಡು ನಿಂತಳು. "ಸಾರ್, ಅದು" ಅಂದಳು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಹೇಳೇ, ಹೇಳೇ ಅಂತ ಒಳಗೊಳಗೇ ಕಿರುಚುತ್ತಿದ್ದೆ. ಏನಂತ ಹೇಳುತ್ತಾಳೆ? ದೇಶಕ್ಕೇ ದೊಡ್ಡ ಗಾಯಕಿ ನನ್ನನ್ನು ಕಾಪಿ ಹೊಡೆದರು ಅಂತಲೇ? ಹಾಗೆ ಅಂದಿದ್ದರೆ ಮಂಟಪದ ತುಂಬ ಜನ ಬಿದ್ದು ಬಿದ್ದು ನಗುತ್ತಿದ್ದರು.

"ಸರಿ ಸಾರ್" ಅಂದು ಕನ್ನಡದ ಜ ಇಟ್ಟು ಆ ಸಾಲು ಹಾಡಿದಳು. ಒಂದು ಚೂರು ತಪ್ಪಿಲ್ಲದೆ ಹಾಡಿದಳು.

"ನೋಡಿದ್ರಾ, ಇದು ಸ್ವಂತ ದನಿ!" ಅಂದರು ತೀರ್ಪುಗಾರರು. ಮಂಟಪದ ತುಂಬ ಚಪ್ಪಾಳೆ ಬಿತ್ತು. ಪಕ್ಕಕ್ಕೆ ತಿರುಗಿದರೆ ಅಪ್ಪನೂ ಹೊಡೆಯುತ್ತಿದ್ದಾರೆ. ಎಲ್ಲ ಗೊತ್ತಿದ್ದೂ ಹೊಡೆಯುತ್ತಿದ್ದಾರೆ. ನಾನು ಸಿಟ್ಟಿನಿಂದ ಅವರ ಕೈ ಹಿಡಿದುಕೊಂಡೆ. "ಸರಿಯಾಗಿ ಹೇಳಿದ್ಲಲ್ಲಮ್ಮ" ಅಂದರು, ಕಣ್ಣಲ್ಲಿ ನೀರು ತುಂಬಿಕೊಂಡು. ಮೇಷ್ಟ್ರ ಕೈ, ತಡೆಯಲಾಗಲಿಲ್ಲ ಅಂತ ಕಾಣುತ್ತದೆ.

ಅಕ್ಕ ವೇದಿಕೆಯ ಮೇಲಿನಿಂದ ಅಪ್ಪನನ್ನೇ ನೋಡುತ್ತಿದ್ದಳು. ಆಮೇಲೆ ಅವಳು ಹಾಡಿದ್ದನ್ನು ನಾನು ಕೇಳಿಲ್ಲ.