ಜುವೈರಿಯಾ ಟೀಚರ್ ತಿದ್ದಿದ ಪುಟ

ಜುವೈರಿಯಾ ಟೀಚರ್ ಬಗ್ಗೆ ಬರೆಯಲು ಕೂತರೆ ನನಗೆ ಈಗಲೂ ಸ್ವಲ್ಪ ಸಿಟ್ಟು ಬರುತ್ತದೆ. ಆದರೂ ಅವರಷ್ಟು ಗಟ್ಟಿಗಿತ್ತಿಯನ್ನು ನಾನು ಬೇರೆ ಕಂಡಿಲ್ಲ.

ಗಂಡ ಅಬ್ದುಲ್ ನಾಸಿರ್ ಗಲ್ಫಿನಲ್ಲಿದ್ದರು. 1994ರಲ್ಲಿ ಟೀಚರ್ ಫರಂಗಿಪೇಟೆಯ ತಮ್ಮ ಮನೆಯ ಚಾವಡಿಯಲ್ಲೇ ಶಿಶುವಿಹಾರ ತೆರೆದರು. ಮಕ್ಕಳಿಗೆ ಎಬಿಸಿಡಿ ತಿದ್ದಿಸುವುದಿಲ್ಲ, ಬೇಕಾದ್ದನ್ನು ಅವರೇ ಆರಿಸಿಕೊಂಡು ಮಾಡಲಿ ಎಂಬುದು ಅವರ ಹಠ. "ಬರೀ ಆಡಲಿಕ್ಕೆ ಇಲ್ಲಿಗೆ ಯಾಕೆ ಕಳಿಸಬೇಕು?" ಎಂದ ಒಬ್ಬ ತಂದೆಗೆ, "ಒಂದು ದಿನ ಬಂದು ಕೂತು ನೋಡಿ, ಆಮೇಲೆ ಮಾತಾಡುವ" ಎಂದು ಹೇಳಿ ಬಾಯಿ ಮುಚ್ಚಿಸಿದ್ದರು.

ಎರಡು ವರ್ಷದ ನಂತರ, ಮೆಲ್ಕಾರಿನ ಟೈಲರಿಂಗ್ ಕ್ಲಾಸಿನ ಕೋಣೆಯಲ್ಲಿ ನಮ್ಮ ಎರಡನೇ ಶನಿವಾರದ ಕೂಟ ಶುರು ಮಾಡಿದವರೂ ಅವರೇ. ಬಂಟ್ವಾಳ, ಬೆಳ್ತಂಗಡಿ ಕಡೆಯ ಅಂಗನವಾಡಿ, ನರ್ಸರಿ ಟೀಚರುಗಳು ಹದಿನಾಲ್ಕು ಮಂದಿ, ಮೂಡಬಿದ್ರೆಯಿಂದ ನಾನೊಬ್ಬಳು. ಮಗು ಏನು ಮಾಡಿತು ಎಂದಷ್ಟೇ ಹೇಳಬೇಕು, ಅದೇ ನಿಯಮ. "ನಾನು ಕಲಿಸಿದೆ" ಎಂದು ಬಾಯಿತಪ್ಪಿ ಅಂದವರು ಮುಂದಿನ ಸಲ ಎಲ್ಲರಿಗೂ ಬಜಿಲ್, ಅಂದರೆ ಒಗ್ಗರಣೆ ಅವಲಕ್ಕಿ, ತರಬೇಕು. ನಾನಂತೂ ತಂದೂ ತಂದೂ ಸೋತೆ. ಟೀಚರ್ ಒಮ್ಮೆಯೂ ತಂದವರಲ್ಲ.

1999ರ ಒಂದು ಶನಿವಾರ ಅವರು ತಮ್ಮ ನೋಟ್‌ಪುಸ್ತಕ ಬಿಡಿಸಿ ಓದಿದರು. ಅಮಲ್ ಎಂಬ ನಾಲ್ಕು ವರ್ಷದ ಹುಡುಗಿ, ಯಾರೂ ಹೇಳದೆ, ನಲವತ್ತು ಮರುವಾಯಿ ಚಿಪ್ಪುಗಳನ್ನು, ಅಂದರೆ ಕಪ್ಪೆಚಿಪ್ಪುಗಳನ್ನು, ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸಿದಳಂತೆ. ನಾವೆಲ್ಲ ಬೆರಗಾಗಿ ಬರೆದುಕೊಂಡೆವು. ನಾನು ಅದನ್ನು ಮೂಡಬಿದ್ರೆಯ ತಾಯಂದಿರಿಗೆಲ್ಲ ಹೇಳಿಕೊಂಡು ಬಂದೆ.

ನೆರಿಯದ ಅಂಗನವಾಡಿಯ ಕಾಂತಿ ಹೆಚ್ಚು ಮಾತಿನವಳಲ್ಲ. ಸೋಮವಾರದಿಂದಲೇ ಅವಳು ತನ್ನ ಮಕ್ಕಳ ಮುಂದೆ ಗೇರುಬೀಜ ಹರಡಿ, ಅವರೂ ಸಾಲು ಮಾಡಲಿ ಎಂದು ಕಾಯತೊಡಗಿದಳು. ಆಮೇಲಿನ ಎಂಟು ಕೂಟಗಳಲ್ಲಿ ತನ್ನ ಸರದಿ ಬಂದಾಗಲೆಲ್ಲ "ವಿಶೇಷ ಏನೂ ಇಲ್ಲ" ಎಂದಳು. ಒಂಬತ್ತನೆಯದರಲ್ಲಿ ಚೀಲದಿಂದ ಒಂದು ಕಾಗದ ತೆಗೆದಳು.

"ರಾಜೀನಾಮೆ ಬರೆದಿದ್ದೇನೆ. ನನ್ನ ಮಕ್ಕಳಿಗೆ ಸಾಲು ಮಾಡಲಿಕ್ಕೆ ಬರುವುದಿಲ್ಲ. ಬೀಜವನ್ನೆಲ್ಲ ಕೈ ತೊಳೆಯುವ ಬಕೆಟ್ಟಿಗೆ ಹಾಕ್ತಾರೆ, ಅಷ್ಟೇ. ದೋಷ ಮಕ್ಕಳದ್ದಲ್ಲ. ಈ ಕೆಲಸ ನನಗೆ ಹೇಳಿ ಮಾಡಿಸಿದ್ದಲ್ಲ."

ನಾವು ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಜುವೈರಿಯಾ ಟೀಚರ್ ಎದ್ದು ನಿಂತಿದ್ದರು.

"ಅಮಲ್ ಇಟ್ಟದ್ದು ಎರಡೇ ಚಿಪ್ಪು. ಬಾಕಿ ಮೂವತ್ತೆಂಟು ನಾನು ಜೋಡಿಸಿದ್ದು. ನಿಮಗೆ ತೋರಿಸಲಿಕ್ಕೆ ಒಂದು ಚಂದದ್ದು ಬೇಕಿತ್ತು ನನಗೆ."

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಬಾಯಿಗೆ ಬೀಗ ಹಾಕುವ ನಿಯಮ ಮಾಡಿದ್ದು ಇವರೇ ಅಲ್ಲವೇ! ಇನ್ನೇನು ನಾನು ಶುರು ಮಾಡಬೇಕು, ಅಷ್ಟರಲ್ಲಿ ಕಾಂತಿ ಕೇಳಿದಳು:

"ಎರಡು ಇಟ್ಟ ಮೇಲೆ ಅಮಲ್ ಏನು ಮಾಡಿದ್ಲು, ಟೀಚರೇ?"

"ಒಂದೊಂದೇ ಎತ್ತಿಕೊಂಡು ಹೋಗಿ ನೀರಿಗೆ ಹಾಕ್ತಾ ಇದ್ಲು. ಅಂಗಾತ ಇಟ್ರೆ ತೇಲ್ತದೆ, ಕವುಚಿದ್ರೆ ಮುಳುಗ್ತದೆ. ಮಧ್ಯಾಹ್ನದವರೆಗೆ ಅದೇ. ನಾನು ಅವಳ ಕೈಯಿಂದ ಕಿತ್ತು ತಂದು ಸಾಲು ಮಾಡಿದೆ."

"ಮುಂದಿನ ಸಲ ಬಜಿಲ್ ನಿಮ್ಮದು," ಎಂದು ಕಾಂತಿ ರಾಜೀನಾಮೆಯ ಕಾಗದವನ್ನು ಮತ್ತೆ ಚೀಲಕ್ಕೆ ಹಾಕಿದಳು. "ಈಗ ನನ್ನ ಮಕ್ಕಳದ್ದು ಹೇಳ್ತೇನೆ. ಜೊಳ್ಳು ಬೀಜ ತೇಲ್ತದೆ ಅಂತ ಅವರಿಗೆ ಗೊತ್ತುಂಟು. ನನಗೆ ಗೊತ್ತಿರಲಿಲ್ಲ." ಅಂದು ಅವಳು ಮುಕ್ಕಾಲು ಗಂಟೆ ಮಾತಾಡಿದಳು. ಅವಳ ಬಸ್ಸು ಹೊರಟುಹೋಯಿತು.

ಟೀಚರ್ ತಮ್ಮ ಪುಸ್ತಕದ ಆ ಪುಟವನ್ನು ಹರಿಯಲಿಲ್ಲ. ಅಡ್ಡಗೆರೆ ಎಳೆದು, ಕೆಳಗೆ ಸರಿಯಾದದ್ದನ್ನು ಬರೆದರು. ಕೂಟ ನಡೆದಷ್ಟು ಕಾಲ, 2008ರವರೆಗೂ, ಹೊಸದಾಗಿ ಬಂದ ಪ್ರತಿಯೊಬ್ಬರ ಕೈಗೂ ಮೊದಲು ಅದನ್ನೇ ಕೊಡುತ್ತಿದ್ದರು. ಅದರ ಕೊನೆಯ ಸಾಲು ಹೀಗಿದೆ: "ಅಮಲ್ ನೀರಿನ ಹತ್ತಿರ ಇದ್ದಳು. ನಾನು ಅಲ್ಲಿಗೆ ಹೋಗಬೇಕಿತ್ತು."